ದಾದಿ ಹೇಳದೆ ಬಿಟ್ಟ ಸಾಲು

ಹೋದ ತಿಂಗಳು ಯರಗುಪ್ಪಿಯ ಶಾಲೆಯೊಂದರಲ್ಲಿ ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆಯನ್ನು ತೆಗೆದಾಗ ಒಂದು ವಾಸನೆ ಬಂತು. ಎರೆಮಣ್ಣಿನ ಧೂಳು, ಬಹಳ ದಿನ ಮಡಚಿಟ್ಟ ಹತ್ತಿ, ಆ ಹತ್ತಿಗೆ ಎಂದೋ ಹಾಕಿದ ಬಣ್ಣ, ಮೂರೂ ಕೂಡಿದ ವಾಸನೆ. ಆ ಕಡೆ ಬೇಸಿಗೆಯ ಗಾಳಿ ಹೊಲದ ಮಣ್ಣನ್ನು ಎತ್ತಿ ಕಿಟಕಿಯ ಸಂದಿಯಿಂದ ಒಳಗೆ ತರುತ್ತದೆ. ಅದಕ್ಕೇ ಯಾರ ಮನೆಯದೋ ಹಳೆಯ ಜಮಖಾನದ ತುಂಡನ್ನು ಯಂತ್ರದ ಮೇಲೆ ಹಾಕಿಟ್ಟಿದ್ದರು. ಮಕ್ಕಳಿಗೆ ಕೋಡಿಂಗ್ ಕಲಿಸಲು ನಾನು ಹುಬ್ಬಳ್ಳಿಯಿಂದ ವಾರಕ್ಕೆ ಎರಡು ದಿನ ಕುಂದಗೋಳ ತಾಲೂಕಿನ ಊರುಗಳಿಗೆ ಹೋಗುತ್ತೇನೆ. ಆ ದಿನ ಬಟ್ಟೆ ಹಿಡಿದುಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿರಬೇಕು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಅಕ್ಕೋರ, ಅದನ್ನ ಒಗದು ಹಾಕೂಣೇನ್ರಿ?" ಎಂದು ಕೇಳಿದಳು. "ಬ್ಯಾಡವಾ" ಎಂದು ಅದನ್ನು ಮಡಚಿ ಮೇಜಿನ ಮೇಲಿಟ್ಟೆ, ಪಾಠ ಮಾಡಿದೆ. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೆ ನವಲಗುಂದದ ನಮ್ಮ ಮನೆ ಒಂದೊಂದೇ ಕೋಣೆಯಾಗಿ ನೆನಪಿಗೆ ಬರತೊಡಗಿತು. ನೆನಪಾದದ್ದನ್ನು ನೆನಪಾದಷ್ಟೇ ಬರೆಯುತ್ತೇನೆ. ಇಲ್ಲದ್ದನ್ನು ಸೇರಿಸುವ ಧೈರ್ಯ ನನಗಿಲ್ಲ.

ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ ದಾಟಿದರೆ ನಡುಮನೆ, ಅದರ ಆಚೆ ಅಡುಗೆಮನೆ, ಕೊನೆಗೆ ಬಣ್ಣ ಕುದಿಸುವ ಒಲೆಯಿದ್ದ ಹಿತ್ತಿಲು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು, ಬೆಳಿಗ್ಗೆ ಪಶ್ಚಿಮದ ಗೋಡೆಯ ಮೇಲಿದ್ದದ್ದು ಸಂಜೆಯ ಹೊತ್ತಿಗೆ ಪೂರ್ವದ ಗೋಡೆ ಹತ್ತುತ್ತಿತ್ತು. ಆ ಬೆಳಕಿನ ದಾರಿಯಲ್ಲಿ ಜಮಖಾನದ ಮಗ್ಗ ನಿಂತಿತ್ತು. ಸೀರೆ ನೇಯುವ ಮಗ್ಗದ ಹಾಗೆ ನೆಲಕ್ಕೆ ಮಲಗಿದ್ದಲ್ಲ. ನೆಲದಿಂದ ತೊಲೆಯವರೆಗೆ ಎರಡು ಕಂಬ, ಮೇಲೊಂದು ಕೆಳಗೊಂದು ಅಡ್ಡಮರ, ನಡುವೆ ಮಳೆಯ ಎಳೆಗಳಂತೆ ನೇರ ಇಳಿಬಿಟ್ಟ ಹಾಸಿನ ದಾರ. ಅದರ ಮುಂದೆ ಹಲಗೆಯ ಮೇಲೆ ಇಬ್ಬರು ಹೆಂಗಸರು ಒತ್ತಾಗಿ ಕೂರಬೇಕು. ಎಡಕ್ಕೆ ನನ್ನ ಅಪ್ಪನ ತಾಯಿ, ನಾವು ದಾದಿ ಎನ್ನುತ್ತಿದ್ದವಳು. ಬಲಕ್ಕೆ ಅವಳ ಸೊಸೆ, ನನ್ನ ಅಮ್ಮ. ಬಣ್ಣದ ದಾರವನ್ನು ಬೆರಳಿನಿಂದ ಹಾಸಿನ ಎಳೆಗಳ ನಡುವೆ ತೂರಿಸಿ, ಪಂಜಾ ಎನ್ನುವ ಕಬ್ಬಿಣದ ಹಲ್ಲಿನ ಹಣಿಗೆಯಿಂದ ಕೆಳಕ್ಕೆ ಬಡಿಯುತ್ತಿದ್ದರು. ಧಪ್, ಧಪ್, ಆಮೇಲೆ ಮೂರನೆಯದು ಸ್ವಲ್ಪ ಮೆಲ್ಲಗೆ. ನಿಮ್ಮ ಮನೆಗಳಲ್ಲೂ ಇಂಥ ಒಂದು ಸದ್ದು ಇದ್ದಿರಬೇಕು. ಇರುವವರೆಗೆ ಅದು ಕಿವಿಗೆ ಬೀಳುವುದಿಲ್ಲ.

ಬಡಿತದ ನಡುವೆ ದಾದಿ ಎಣಿಕೆ ಹೇಳುತ್ತಿದ್ದಳು. ನವಿಲಿನ ಚಿತ್ತಾರ ಅವಳ ಅತ್ತೆಯಿಂದ ಬಂದದ್ದು, ಆ ಅತ್ತೆಗೆ ಅವಳ ಅತ್ತೆಯಿಂದ. ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. "ಬಿಳಿ ನಾಕು, ಕೆಂಪು ಎರಡು, ಬಿಳಿ ಒಂದು, ಹಸರು ಮೂರು, ಹೊಳ್ಳು." ಹೊಳ್ಳು ಎಂದರೆ ಸಾಲು ಮುಗಿಯಿತು, ಇನ್ನು ತಿರುಗಿ ಬಾ ಎಂದು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು (ಆ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ), ಓಣಿಯಲ್ಲಿ ಕನ್ನಡ. ಆದರೆ ಮಗ್ಗದ ಎಣಿಕೆ ಮಾತ್ರ ಕನ್ನಡದಲ್ಲೇ ಇತ್ತು. ಯಾಕೆಂದು ನಾನು ಕೇಳಲಿಲ್ಲ, ಈಗ ಕೇಳೋಣವೆಂದರೆ ದಾದಿ ಇಲ್ಲ. ಮೊದಲ ಸಾಲಿನಿಂದ ಅರವತ್ತೆಂಟನೆಯ ಸಾಲಿನವರೆಗೆ ದಾದಿ ಒಂದೇ ದನಿಯಲ್ಲಿ, ಅರ್ಧ ಹಾಡಿನಂತೆ ಅರ್ಧ ಗೊಣಗಿನಂತೆ ಹೇಳುತ್ತ ಹೋಗುವಳು. ಅಮ್ಮನ ಬೆರಳು ಆ ದನಿಯ ಹಿಂದೆ ಹೋಗುತ್ತಿತ್ತು.

ನಾನು ಆ ಹಲಗೆಯ ಮೇಲೆ ಕೂರುವ ಹಾಗಿರಲಿಲ್ಲ. ನಮ್ಮ ಮನೆತನದಲ್ಲಿ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗಲ್ಲ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವವಳು. ಅವಳ ಕೈಯಲ್ಲಿ ಚಿತ್ತಾರವೂ ಹೋಗುತ್ತದೆ. ಅಪ್ಪನ ತಂಗಿ, ನನ್ನ ಫೂಫು, ಅದೇ ಮನೆಯಲ್ಲಿ ಹುಟ್ಟಿ ಇಪ್ಪತ್ತು ವರ್ಷ ಬೆಳೆದವಳು. ದಾರ ಸುತ್ತಿದ್ದಳು, ಬಣ್ಣ ಕುದಿಸಿದ್ದಳು, ಒಂದು ಸಾಲು ನೇಯ್ದಿರಲಿಲ್ಲ. ಯಮನೂರಿಗೆ ಮದುವೆಯಾಗಿ ಹೋದಮೇಲೆ ತವರಿಗೆ ಬಂದರೆ ನಡುಮನೆಯ ಹೊಸ್ತಿಲಲ್ಲೇ ಕೂತು ಮಾತಾಡುವಳು. ಒಮ್ಮೆ ನಾನು, "ಒಳಗ ಬಾ ಫೂಫು" ಎಂದು ಕೈ ಎಳೆದಾಗ ನಕ್ಕು, "ನಾ ಈಗ ಮಂದಿ ಮನ್ಯಾಕಿ. ನಿಮ್ಮ ದಾದಿ ಎಣಿಕಿ ನುಂಗಿಬಿಡ್ತಾಳ" ಎಂದಳು. ದಾದಿಯೂ ನಕ್ಕಳು. ಆದರೆ ಫೂಫು ಏಳುವವರೆಗೆ ಎಣಿಕೆ ನಿಂತೇ ಇತ್ತು. ನನಗಿನ್ನೂ ಹನ್ನೆರಡು ಆಗಿರಲಿಲ್ಲ, ಚಿಕ್ಕವಳೆಂದು ಮಗ್ಗದ ಹಿಂಬದಿಯಲ್ಲಿ ದಾರದ ಉಂಡೆ ಸುತ್ತಲು ಬಿಟ್ಟಿದ್ದರು. ಅಲ್ಲಿಂದ ದಾದಿಯ ಕೈ ಕಾಣುತ್ತಿರಲಿಲ್ಲ. ಹಾಸಿನ ಎಳೆಗಳ ಆಚೆ ಎರಡು ನೆರಳು, ಮತ್ತು ದನಿ. ನಾನು ನವಿಲನ್ನು ಕಲಿತದ್ದು ಕಿವಿಯಿಂದ. ಕಲಿತಿದ್ದೇನೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಆ ವರ್ಷ ನಮ್ಮ ಶಾಲೆಗೆ ನಾಲ್ಕು ಕಂಪ್ಯೂಟರು ಬಂದವು. ಅದನ್ನು ಕಲಿಸಲು ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದವರು ರೇಣುಕಾ ಅಕ್ಕೋರು. ಆಗ ಅವರಿಗೆ ಇಪ್ಪತ್ತೈದು ಇದ್ದಿರಬಹುದು. ನಮಗೆ ಬಹಳ ದೊಡ್ಡವರಾಗಿ ಕಾಣುತ್ತಿದ್ದರು. ಮೊದಲ ಎರಡು ವಾರ ಅವರು ನಮ್ಮನ್ನು ಯಂತ್ರದ ಹತ್ತಿರ ಬಿಡಲಿಲ್ಲ. ಬಯಲಲ್ಲಿ ಒಬ್ಬಳನ್ನು ಆಮೆ ಮಾಡಿ ನಿಲ್ಲಿಸಿ, ಉಳಿದವರು ಹೇಳಿದ ಹಾಗೆ ನಡೆಯಬೇಕು ಎಂದರು. ನನ್ನ ಗೆಳತಿ ನೀಲಾ ಆಮೆಯಾದಳು. ನಾನು "ಹೊಳ್ಳು" ಎಂದೆ. ಅವಳು ನಿಂತಲ್ಲೇ ಸುತ್ತತೊಡಗಿದಳು.

"ಸಾಕಲೇ, ನಿಂದ್ರು!"

"ಎಷ್ಟು ಹೊಳ್ಳಬೇಕಂತ ಹೇಳಿಯೇನ್? ಅಕ್ಕೋರ, ಈಕಿ ಬರೇ ಹೊಳ್ಳು ಅಂದಾಳ ನೋಡ್ರಿ. ನಾ ಸಂಜಿತನಕ ಹೊಳ್ಳಾಕಿ."

ಎಲ್ಲರೂ ನಕ್ಕರು. ಅಕ್ಕೋರು ನಗುತ್ತಲೇ, "ಆಕಿ ಮಾಡಿದ್ದ ಬರೋಬ್ಬರಿ ಐತಿ. ಆಮಿಗೆ ಬುದ್ಧಿ ಇಲ್ಲ. ನೀವು ಹೇಳಿದ್ದಷ್ಟ ಮಾಡ್ತೈತಿ, ಮನಸಿನ್ಯಾಗ ಇಟಗೊಂಡಿದ್ದು ಅದಕ್ಕ ತಿಳಿಯಂಗಿಲ್ಲ" ಎಂದರು. ಮೂರನೆಯ ವಾರ ಒಳಗೆ ಬಿಟ್ಟರು. ಪರದೆಯ ಮೇಲೆ ನಿಜವಾಗಿಯೂ ಒಂದು ಆಮೆ ಇತ್ತು, ತ್ರಿಕೋನದ ಪುಟ್ಟ ಗುರುತು. ಫಾರ್ವರ್ಡ್ ಎಂದು ಬರೆದು ಅಂಕಿ ಕೊಟ್ಟರೆ ಅಷ್ಟು ಮುಂದೆ ಹೋಗುವುದು, ರೈಟ್ ಎಂದರೆ ಬಲಕ್ಕೆ ತಿರುಗುವುದು, ರಿಪೀಟ್ ಎಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಮಾಡುವುದು. ಹೋದಲ್ಲೆಲ್ಲ ಗೆರೆ ಬಿಡುತ್ತಿತ್ತು. ನಾನು ಮೊದಲ ಚೌಕ ಬರೆದಾಗ ಯಂತ್ರದ ಮುಂದೆ ಮೂವರು ಕೂತಿದ್ದೆವು. ಮೂವರೂ ಪರದೆಗೆ ಮುಖ ತಾಗುವಷ್ಟು ಬಾಗಿದೆವು.

ನಿಮ್ಮ ಮನೆಯಲ್ಲಿರುವುದನ್ನು ಏನಾದರೂ ಮಾಡಿ ತೋರಿಸಿ ಎಂದು ಅಕ್ಕೋರು ಹೇಳಿದರು. ನೀಲಾ ಚಕ್ಕಡಿಯ ಗಾಲಿ ಮಾಡಿದಳು. ನಾನು ನವಿಲು ಮಾಡಲು ಹೊರಟಿರಲಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದರೂ ಹಾಗೆಯೇ ಅನ್ನಿಸುತ್ತದೆ. ಪುಟ್ಟ ಚೌಕ ಬರೆದು ಬಣ್ಣ ತುಂಬುವುದನ್ನು ಒಂದು ಅಪ್ಪಣೆಯಾಗಿ ಮಾಡಿಟ್ಟಿದ್ದೆ. ಎಷ್ಟು ಚೌಕ, ಯಾವ ಬಣ್ಣ ಎಂದು ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು ಬಿಳಿ ನಾಕು, ಕೆಂಪು ಎರಡು. ಒಂದು ಸಾಲಾಯಿತು, ಮುಂದಿನದೂ ಬಾಯಿಗೆ ಬಂತು. ವಾರಕ್ಕೆ ಎರಡು ಪಿರಿಯಡ್ಡು, ಕರೆಂಟು ಇದ್ದ ದಿನ ಏಳೆಂಟು ಸಾಲು. ಮಗ್ಗದಲ್ಲಿ ಏರುವ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಮುಂದಿನ ವಾರ ಎರಡು ಕಾಲು ಮೂಡಿದವು.

"ಯವ್ವಾ, ಕೋಳಿ!" ಎಂದಳು ನೀಲಾ.

"ಕೋಳಿ ಅಲ್ಲಲೇ. ನವಿಲು."

"ನಿಮ್ಮ ಅಜ್ಜಿದಾ?" ಅವಳು ದನಿ ತಗ್ಗಿಸಿದಳು. ನಮ್ಮ ಮನೆಯ ಪದ್ಧತಿ ಓಣಿಗೆಲ್ಲ ಗೊತ್ತಿತ್ತು. "ಬೈಯಂಗಿಲ್ಲೇನ್ ಪರ್ವೀ?"

"ನಾ ಏನ್ ಮಗ್ಗದ ಮುಂದ ಕುಂತೀನೇನ? ಕಂಪ್ಯೂಟರಿನ ಮುಂದ ಕುಂತೀನಿ."

ಇದು ಹನ್ನೊಂದು ವರ್ಷದ ಹುಡುಗಿಯ ನ್ಯಾಯ. ಹಲಗೆ ಮುಟ್ಟಬಾರದು ಎಂದಿದ್ದರು, ನಾನು ಮುಟ್ಟಿರಲಿಲ್ಲ. ಪಂಜಾ ಹಿಡಿಯಬಾರದು ಎಂದಿದ್ದರು, ಹಿಡಿದಿರಲಿಲ್ಲ. ಉಳಿದದ್ದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ನವಿಲು ಮುಗಿದಾಗ ಅಕ್ಕೋರು ಅದನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ತೋರಿಸಿ ಬಂದರು. ಧಾರವಾಡದಲ್ಲಿ ಶಾಲಾ ಮಕ್ಕಳ ವಸ್ತುಪ್ರದರ್ಶನವಿತ್ತು, ನನ್ನದನ್ನು ಆರಿಸಿದರು. ಬರೀ ಚಿತ್ರ ಸಾಲದು, ಹೇಗೆ ಮಾಡಿದೆ ಎಂದು ನೋಡುವವರಿಗೆ ತಿಳಿಯಬೇಕು ಎಂದು ಒಂದು ದೊಡ್ಡ ಡ್ರಾಯಿಂಗ್ ಶೀಟ್ ಕೊಟ್ಟರು. ನಾನು ಸ್ಕೆಚ್ ಪೆನ್ನಿನಲ್ಲಿ, ಬಣ್ಣಕ್ಕೆ ತಕ್ಕ ಬಣ್ಣದ ಅಕ್ಷರದಲ್ಲಿ, ಬಿಳಿಗೆ ಮಾತ್ರ ಕಪ್ಪಿನಲ್ಲಿ, ಅರವತ್ತೆಂಟು ಸಾಲನ್ನೂ ಒಂದರ ಕೆಳಗೊಂದು ಬರೆದೆ. ಎರಡು ದಿನ ಹಿಡಿಯಿತು. ನನ್ನ ಕೈಬರಹ ಅಷ್ಟು ಚೆನ್ನಾಗಿ ಮತ್ತೆಂದೂ ಬರಲಿಲ್ಲ.

ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದದ್ದು ಅಪ್ಪ, ನಾವು ಅಬ್ಬಾ ಎನ್ನುತ್ತಿದ್ದವರು. ಅವರಿಗೆ ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿ ಇತ್ತು. ಆ ದಿನ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸುರುಳಿ ಸುತ್ತಿದ ಹಾಳೆಯನ್ನು ಬಸ್ಸಿನಲ್ಲಿ ಯಾರಿಗೂ ತಾಗದ ಹಾಗೆ ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಅದರಲ್ಲಿ ಏನಿದೆ ಎಂದು ಅವರು ಓದಿದ್ದರು, ಆದರೆ ಗುರುತು ಹತ್ತಿರಲಿಲ್ಲ. ಎಣಿಕೆ ಹೆಂಗಸರದು. ನಮ್ಮ ಮನೆಯ ಗಂಡಸರು ಆ ದನಿಯ ಕೆಳಗೆ ಹುಟ್ಟಿ ಬೆಳೆದರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ, ಗೋಡೆಯ ಗಡಿಯಾರವನ್ನು ಕೇಳಿಸಿಕೊಳ್ಳದ ಹಾಗೆ. ಪ್ರದರ್ಶನದಲ್ಲಿ ಜನ ನಿಂತು ನೋಡಿದರು. ಬಹುಮಾನ ಬರಲಿಲ್ಲ. ಬಂದಿದ್ದರೂ ಅಬ್ಬಾ ಅದಕ್ಕಿಂತ ಹೆಚ್ಚು ಖುಷಿಪಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದಾದಿ ಮತ್ತು ಅಮ್ಮ ಅಂದಿನ ಕೊನೆಯ ಸಾಲುಗಳನ್ನು ಬಡಿಯುತ್ತಿದ್ದರು. ಅಬ್ಬಾ ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳತೊಡಗಿದರು. "ಅಮ್ಮಾ, ನಿನ್ನ ಮೊಮ್ಮಗಳ ಮುಂದ ಎಷ್ಟ ಮಂದಿ ನೆರದಿದ್ರು ಗೊತ್ತೈತೇನ? ಒಬ್ಬಾಕಿ ಹೆಣಮಗಳು ವಹಿ ತಗದು ಪೂರಾ ಬರಕೊಂಡು ಹೋದ್ಲು!"

"ಅಂಥಾದ್ದೇನ ಬರದಾಳಪಾ?" ಎಂದಳು ದಾದಿ, ಕೈ ನಿಲ್ಲಿಸದೆ.

ಅಬ್ಬಾ ಹಾಳೆ ಬಿಚ್ಚಿದರು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಓದಿದರು. "ಸಾಲು ಒಂದು. ಬಿಳಿ ನಾಕು, ಕೆಂಪು ಎರಡು, ಬಿಳಿ ಒಂದು, ಹಸರು ಮೂರು, ಹೊಳ್ಳು. ಸಾಲು ಎರಡು..."

ಪಂಜಾದ ಸದ್ದು ನಿಂತಿತು. ಮೊದಲು ನಿಂತದ್ದು ಅಮ್ಮನದು. ಅವಳು ತಿರುಗಿ ನನ್ನನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ಸ್ಪಷ್ಟವಾಗಿದೆ. ಸಿಟ್ಟಿನ ನೋಟ ಅಲ್ಲ, ಬಿಸಿ ಪಾತ್ರೆ ಕೈಜಾರುವುದನ್ನು ನೋಡುವವರ ನೋಟ. ದಾದಿ ತಿರುಗಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅಬ್ಬಾ ಏಳನೆಯ ಸಾಲಿನವರೆಗೆ ಓದಿದರು. ಮಗನ ಬಾಯಿಂದ ಆ ಎಣಿಕೆ ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲಿರಬೇಕು.

"ಸಾಕು" ಎಂದಳು ದಾದಿ.

"ಇನ್ನೂ ಭಾಳ ಐತಮ್ಮಾ..."

"ಎಷ್ಟೈತಿ ಅಂತ ಗೊತ್ತೈತಿ ನನಗ."

ಆಗ ಅಬ್ಬಾಗೆ ತಿಳಿಯಿತು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಡಚಬೇಕೋ ಬಿಡಬೇಕೋ ತಿಳಿಯದೆ ನಿಂತುಬಿಟ್ಟರು. ದಾದಿ ಪಂಜಾವನ್ನು ಹಲಗೆಯ ಮೇಲಿಟ್ಟು ಮೊಣಕಾಲು ಹಿಡಿದು ಎದ್ದಳು. ನನ್ನ ಹತ್ತಿರ ಬಂದಾಗ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. "ನಾಳೆ ನಾ ನಿಮ್ಮ ಶಾಲಿಗೆ ಬರ್ತೀನಿ. ಆ ಡಬ್ಬಿ ನನಗ ತೋರ್ಸು. ನೋಡೂತನಕ ನಾ ಯಾರಿಗೂ ಏನೂ ಅನ್ನಂಗಿಲ್ಲ" ಎಂದಳು. ಊಟಕ್ಕೆ ಕೂತಾಗ ಅಮ್ಮ ರೊಟ್ಟಿ ಹಾಕುತ್ತ ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಆಕಿ ಬ್ಯಾಡ ಅಂದ್ರ ಕಂಪ್ಯೂಟರ್ ಬಿಟ್ಟಬಿಡು. ಎದುರ ಮಾತಾಡಬ್ಯಾಡ." ಆ ಕೋಣೆಗೆ ಮತ್ತೆ ಹೋಗುವುದಿಲ್ಲ ಎಂಬುದನ್ನು ಬಿಟ್ಟು ಬೇರೇನೂ ತಲೆಯಲ್ಲಿ ಇರಲಿಲ್ಲ. ಮನೆಯದೊಂದು ವಸ್ತುವನ್ನು ಹೊರಗೆ ಚೆಲ್ಲಿ ಬಂದಿದ್ದೇನೆ ಎಂದು ಆ ದಿನ ನನಗೆ ದುಃಖವಾಗಲಿಲ್ಲ. ಅದು ಆದದ್ದು ಬಹಳ ವರ್ಷಗಳ ಮೇಲೆ.

ಮರುದಿನ ದಾದಿ ಕಪ್ಪು ಬುರ್ಖಾ ಹಾಕಿಕೊಂಡು, ನನ್ನ ಹೆಗಲು ಹಿಡಿದು ಶಾಲೆಗೆ ನಡೆದು ಬಂದಳು. ಅಕ್ಕೋರು ತಮ್ಮ ಕುರ್ಚಿ ಬಿಟ್ಟು ಎದ್ದರು. "ಬರ್ರಿ ಅಜ್ಜಿ, ಕುಂದರ್ರಿ. ನಿಮ್ಮ ಮೊಮ್ಮಗಳು ಅಗದಿ ಶಾಣ್ಯಾಕಿ ನೋಡ್ರಿ" ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಯಂತ್ರ ಶುರುಮಾಡಿದೆ, ನವಿಲಿನ ಅಪ್ಪಣೆ ಕೊಟ್ಟೆ. ಆಮೆ ಓಡಾಡಿ ಕಾಲು ಬರೆಯಿತು, ಹೊಟ್ಟೆ ಬರೆಯಿತು; ರೆಕ್ಕೆ ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ದಾದಿ ಬೆಚ್ಚಿ, "ಏನಾತು? ನಾ ಏನೂ ಮುಟ್ಟಿಲ್ಲವಾ" ಎಂದಳು.

"ನಿಮ್ಮನ್ನ ನೋಡಿ ನಾಚಿಕೊಂಡಿತ್ರಿ ಅಜ್ಜಿ" ಎಂದಳು ಹಿಂದಿನಿಂದ ನೀಲಾ.

ಅರ್ಧ ಗಂಟೆ ಕಾದೆವು. ಮಕ್ಕಳನ್ನು ಅಕ್ಕೋರು ಬಯಲಿಗೆ ಕಳಿಸಿದರು. ಕೋಣೆಯಲ್ಲಿ ನಾವು ಮೂವರೇ. ದಾದಿ ಕಪ್ಪು ಪರದೆಯನ್ನೇ ನೋಡುತ್ತ ಕೇಳಿದಳು. "ಈಗ ಅದು ಹೋತೇನ್ರಿ ಅಕ್ಕೋರ?"

"ಇಲ್ರಿ. ಒಳಗ ಇರ್ತೈತಿ. ಕರೆಂಟ್ ಬಂದಮ್ಯಾಗ ಮತ್ತ ಮೊದಲಿಂದ ಬರಿತೈತಿ."

"ಈಕಿ ಇಲ್ಲದಿದ್ರ?"

"ಈಕಿ ಇಲ್ಲದಿದ್ರೂ ಬರಿತೈತ್ರಿ. ಯಾರು ಬೇಕಾದ್ರೂ ಬರಸಬಹುದು. ಒಮ್ಮೆ ಬರದಿಟ್ರ ಅದು ಎಂದೂ ಮರಿಯಂಗಿಲ್ಲ."

ಅಕ್ಕೋರು ಅದನ್ನು ಹೆಮ್ಮೆಯಿಂದ ಹೇಳಿದ್ದರು. ದಾದಿ, "ಹಂಗಾದ್ರ ಕಷ್ಟ ಐತಿ" ಎಂದಳು.

ಕರೆಂಟು ಬಂತು. ನಾನು ಮತ್ತೆ ಓಡಿಸಿದೆ. ಈ ಸಲ ದಾದಿ ಕುರ್ಚಿಯನ್ನು ಎಳೆದುಕೊಂಡು ಪರದೆಗೆ ಒಂದು ಗೇಣು ಹತ್ತಿರ ಕೂತಳು. ಸಾಲು ಏರುತ್ತ ಹೋಯಿತು. ಅವಳ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಅವಳು ಹೇಳುವುದಕ್ಕೂ ಆಮೆ ಬರೆಯುವುದಕ್ಕೂ ನಡುವೆ ಯಾರು ಮುಂದಿದ್ದರೋ ನಾನು ಹೇಳಲಾರೆ. ತಲೆಯ ತುರಾಯಿ ಮುಗಿದು ಆಮೆ ಮೂಲೆಯಲ್ಲಿ ನಿಂತಿತು. ನಾನು ಅವಳ ಮುಖ ನೋಡಿದೆ. ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ನೇಯ್ದು ಇಳಿಸಿದ ಜಮಖಾನವನ್ನು ಬಿಸಿಲಿಗೆ ಹಿಡಿದು ನೋಡುವಾಗಿನ ಮುಖ ಅದು.

"ತಪ್ಪೈತಿ" ಎಂದಳು.

ಅಕ್ಕೋರು ಮುಂದೆ ಬಾಗಿದರು. "ಎಲ್ರಿ ಅಜ್ಜಿ?"

"ಐತಿ. ಒಂದ ಕಡೆ."

"ಎಲ್ಲಿ ದಾದಿ? ಯಾವ ಸಾಲು?" ಎಂದೆ ನಾನು. ಹೆದರಿಕೆ ಮರೆತುಹೋಗಿತ್ತು.

ಅವಳು ನನ್ನ ಕಡೆ ತಿರುಗಿದಳು. "ಎಲ್ಲಿ ಅಂತ ಹೇಳಿದ್ರ ಅದು ಕಲಿಸಿದಂಗಾತಲ್ಲೇ, ಹುಚ್ಚಿ" ಎಂದಳು. ಆಮೇಲೆ ಅಕ್ಕೋರಿಗೆ: "ಇರ್ಲಿ ಬಿಡ್ರಿ. ಅಳಸಬ್ಯಾಡ್ರಿ. ನಮ್ಮ ನವಿಲಲ್ಲ ಅದು. ಈಕಿ ಆಟ ಆಡ್ಯಾಳ, ಆಡ್ಲಿ. ಕಲೀಲಿ." ಬುರ್ಖಾ ಸರಿಮಾಡಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, "ಈ ಡಬ್ಬಿಗೆ ಒಂದ ಬಟ್ಟಿ ಹೊಚ್ಚರಿ, ಧೂಳ ಕುಂತೈತಿ" ಎಂದು ಹೇಳಿ ಹೋದಳು.

ಹೀಗೆ ನನ್ನ ಕಂಪ್ಯೂಟರು ಉಳಿಯಿತು. ಅಬ್ಬಾ ನಿಟ್ಟುಸಿರು ಬಿಟ್ಟರು. ಧಾರವಾಡದ ಆ ಹೆಂಗಸು ಬರೆದುಕೊಂಡು ಹೋದದ್ದು ತಪ್ಪು ನವಿಲಾದ್ದರಿಂದ ಮನೆಯದೇನೂ ಹೋಗಿಲ್ಲ ಎಂದಾಯಿತು. ದಾದಿ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಅಂದಿನಿಂದ ಅವಳು ಎಣಿಕೆಯನ್ನು ಗಟ್ಟಿಯಾಗಿ ಹೇಳುವುದನ್ನು ಬಿಟ್ಟಳು. ಅಮ್ಮನ ಭಾಗ ಬಂದಾಗ ಅವಳ ಬೆರಳನ್ನು ಹಿಡಿದು ಎಳೆಯ ಮೇಲೆ ಇಡುತ್ತಿದ್ದಳು, ಅಷ್ಟೇ. ನಡುಮನೆಯಲ್ಲಿ ಬಡಿತ ಉಳಿಯಿತು, ದನಿ ಹೋಯಿತು. ನನ್ನನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ. ನಾನೇ ದಾರದ ಉಂಡೆಯನ್ನು ಪಡಸಾಲೆಗೆ ತಂದು ಸುತ್ತತೊಡಗಿದೆ.

ಆ ತಪ್ಪನ್ನು ನಾನು ಹುಡುಕಿದ್ದೇನೆ. ಒಂದೊಂದು ಸಾಲಿನಲ್ಲಿ ಒಂದೊಂದು ಚೌಕ ಹೆಚ್ಚು ಕಡಿಮೆ ಮಾಡಿ ಓಡಿಸಿ ನೋಡಿದೆ. ಕುತ್ತಿಗೆ ಸ್ವಲ್ಪ ದಪ್ಪವೆನಿಸಿದ ದಿನ ತೆಳ್ಳಗೆ ಮಾಡಿದೆ. ಮರುದಿನ ಮೊದಲಿನದೇ ಸರಿ ಅನ್ನಿಸಿತು. ನೇಯುವವರ ಮನೆಯಲ್ಲಿ ಜಮಖಾನ ಇರುವುದಿಲ್ಲ, ಮಗ್ಗದಿಂದ ಇಳಿದದ್ದು ಮಾರಾಟಕ್ಕೆ ಹೋಗುತ್ತದೆ. ನೀಲಾಳ ಮನೆಯಲ್ಲಿ ದಾದಿಯ ಕೈಯದೊಂದಿತ್ತು, ಬೀಗರು ಬಂದಾಗ ಹಾಸುವುದು. ಒಂದು ಭಾನುವಾರ ನಾವಿಬ್ಬರೂ ಅದನ್ನು ಪಡಸಾಲೆಯಲ್ಲಿ ಬಿಚ್ಚಿ, ಹೊಟ್ಟೆಯ ಮೇಲೆ ಮಲಗಿ, ಕಸಬರಿಗೆಯ ಕಡ್ಡಿಯಿಂದ ಎಳೆ ಎಣಿಸಿದೆವು. ದಾರವನ್ನು ಅಷ್ಟು ಒತ್ತಿ ಬಡಿದಿದ್ದರು, ನಾನು ಎಣಿಸಿದ್ದು ನೀಲಾ ಎಣಿಸಿದ್ದಕ್ಕೆ ಹೊಂದುತ್ತಿರಲಿಲ್ಲ. ಅಲ್ಲದೆ ಬೀಗರು ಕೂತು ಕೂತು ನವಿಲಿನ ಕುತ್ತಿಗೆಯೇ ಸವೆದುಹೋಗಿತ್ತು. ಅವಳ ಅವ್ವ ಬಂದು, "ಏನ್ ಹೇನ ನೋಡಾಕತ್ತೀರೇನವಾ ಅದಕ್ಕ?" ಎಂದು ಗದರಿಸಿ ಸುತ್ತಿ ಒಳಗಿಟ್ಟಳು. ಪ್ರೋಗ್ರಾಮಿನ ತಪ್ಪು ಹುಡುಕುವುದನ್ನು ಆಮೇಲೆ ಕಾಲೇಜಿನಲ್ಲಿ ಕಲಿಸಿದರು, ಅದಕ್ಕೆ ಬೇಕಾದ ಉಪಾಯಗಳನ್ನೂ ಹೇಳಿಕೊಟ್ಟರು. ಆ ಉಪಾಯಗಳಿಗೆಲ್ಲ ಒಂದು ಶರತ್ತು ಇದೆ. ಸರಿಯಾದದ್ದು ಯಾವುದೆಂದು ಮೊದಲು ಗೊತ್ತಿರಬೇಕು.

ದಾದಿ ಅದಾದ ಮೂರನೆಯ ವರ್ಷ ತೀರಿಕೊಂಡಳು. ಅಮ್ಮ ಒಬ್ಬಳೇ ಕೆಲವು ವರ್ಷ ನೇಯ್ದಳು. ನನ್ನ ತಮ್ಮನಿಗೆ ಅಣ್ಣಿಗೇರಿಯಲ್ಲಿ ಕೆಲಸ ಸಿಕ್ಕಿ ಎಲ್ಲರೂ ಅಲ್ಲಿಗೆ ಹೋಗುವಾಗ ಮಗ್ಗವನ್ನು ಬಿಚ್ಚಿದರು. ಹೊಸ ಮನೆಯ ಚಾವಣಿ ಅದಕ್ಕೆ ಗಿಡ್ಡ. ನವಲಗುಂದದ ಮನೆಯ ಜಾಗದಲ್ಲಿ ಈಗ ಎರಡಂತಸ್ತಿನ ಕಟ್ಟಡವಿದೆ. ಹೋದ ವರ್ಷ ಅದರ ಮುಂದೆ ನಿಂತು, ನಡುಮನೆ ಎಲ್ಲಿತ್ತು ಎಂದು ಅಂದಾಜು ಮಾಡಲು ನೋಡಿದೆ. ಆಗಲಿಲ್ಲ. ಶಾಲೆಯ ಆ ಕಂಪ್ಯೂಟರುಗಳೂ ಎಂದೋ ಗುಜರಿಗೆ ಹೋದವು. ಒಮ್ಮೆ ಬರೆದಿಟ್ಟರೆ ಎಂದೂ ಮರೆಯುವುದಿಲ್ಲ ಎಂದು ಅಕ್ಕೋರು ಹೇಳಿದ್ದ ಯಂತ್ರದ ಜೊತೆಗೇ ನನ್ನ ನವಿಲೂ ಹೋಯಿತು. ಡ್ರಾಯಿಂಗ್ ಶೀಟನ್ನು ಅಬ್ಬಾ ಎಲ್ಲಿಟ್ಟರೋ ಗೊತ್ತಿಲ್ಲ, ಅವರೂ ಈಗಿಲ್ಲ.

ಯರಗುಪ್ಪಿಯಿಂದ ಬಂದ ವಾರ ನಾನು ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ಬರೆದೆ. ಅರವತ್ತೆಂಟು ಸಾಲೂ ಬಾಯಿಗೆ ಬಂದವು. ಭಾನುವಾರ ಅಣ್ಣಿಗೇರಿಗೆ ಹೋಗಿ ಅಮ್ಮನ ಮುಂದೆ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಮಂಚದ ಅಂಚಿಗೆ ಕೂತಳು. ದಾದಿ ಶಾಲೆಗೆ ಬಂದ ದಿನ ಅಮ್ಮ ಮನೆಯಲ್ಲಿದ್ದಳು. ಅಲ್ಲಿ ನಡೆದದ್ದರಲ್ಲಿ ತಪ್ಪು ನವಿಲು ಎಂಬ ಮಾತಷ್ಟೇ ಮನೆಗೆ ತಲುಪಿತ್ತು. ಆ ನವಿಲನ್ನು ಅವಳು ಕಣ್ಣಾರೆ ನೋಡಿದ್ದು ಇದೇ ಮೊದಲು. ಕೊನೆಯವರೆಗೆ ನೋಡಿ, "ಬರೋಬ್ಬರಿ ಐತಿ. ಅಗದಿ ಹಿಂಗ" ಎಂದಳು.

"ಇದರಾಗ ತಪ್ಪೈತಿ ಅಂದಿದ್ಲಲ್ಲಮ್ಮಾ ದಾದಿ."

"ಇದರಾಗ?" ಅಮ್ಮ ಪರದೆಯನ್ನು ಬೆರಳಿನಿಂದ ತೋರಿಸಿದಳು. "ಇದನ್ನ ನೋಡಿ ಅಂದ್ಲಾ?"

"ಹೂಂ. ಇದನ್ನ."

"ಎಲ್ಲಿ ಅಂದ್ಲು?"

"ಹೇಳ್ಲಿಲ್ಲ."

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ನಾ ನೇದದ್ದು ಇದ, ಪರವೀನ" ಎಂದಳು. "ಆಕಿ ಹೋದಮ್ಯಾಗ ನಾ ಒಬ್ಬಾಕಿನ ಕುಂತು ಹದಿನೆಂಟ ನವಿಲ ನೇದೀನಿ. ಎಲ್ಲಾ ಇದ."

ಆ ಕ್ಷಣ ನಾನು ಏನು ಮಾಡಿದೆ ಎಂದು ನನಗೆ ತಿಳಿಯಿತು, ಅಮ್ಮನಲ್ಲಿ ಇಲ್ಲದಿದ್ದ ಒಂದು ಅನುಮಾನ ಹುಟ್ಟಿಸಿದ್ದೆ. ಎರಡರಲ್ಲಿ ಒಂದು ನಿಜವಿರಬೇಕು. ಒಂದೋ, ನವಿಲಿನಲ್ಲಿ ತಪ್ಪೇ ಇರಲಿಲ್ಲ. ನನ್ನ ಕಲಿಕೆ ನಿಲ್ಲಬಾರದು, ಮನೆಯ ಮಾತೂ ಮುರಿಯಬಾರದು ಎಂದು ದಾದಿ ಅಲ್ಲಿ ಒಂದು ಸುಳ್ಳು ಹೇಳಿದಳು. ಇಲ್ಲವೇ ತಪ್ಪಿತ್ತು, ದನಿಯಲ್ಲಿ ಹೇಳದೆ ತನ್ನ ಕೈಯಲ್ಲೇ ಇಟ್ಟುಕೊಂಡ ಒಂದು ಎಳೆ ಇತ್ತು, ಅದನ್ನು ಅವಳು ಪಕ್ಕದಲ್ಲೇ ಕೂತ ಸೊಸೆಗೂ ಕೊಡಲಿಲ್ಲ. ನಾನು ಮೊದಲನೆಯದನ್ನೇ ಹೇಳಿದೆ. "ನನ್ನ ಉಳಸಾಕ ಸುಳ್ಳ ಹೇಳಿರಬೇಕಮ್ಮಾ."

ಅಮ್ಮ ತಲೆಯಾಡಿಸಿದಳು. "ಬ್ಯಾರೇದಕ್ಕ ಹೇಳಿದ್ರ ಹೇಳ್ಯಾಳು. ಎಣಿಕಿ ವಿಷಯದಾಗ ಆಕಿ ಸುಳ್ಳ ಹೇಳಾಕಿ ಅಲ್ಲ."

ಅವಳ ದನಿಯಲ್ಲಿ ನೋವು ಇತ್ತೆಂದು ನಾನು ಹೇಳಲಾರೆ. ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಮ್ಮೆ ಹಾಕು. ಸಾವಕಾಶ ಬರ್ಲಿ" ಎಂದಳು. ನಾನು ಆಮೆಯ ವೇಗ ತಗ್ಗಿಸಿ ಮತ್ತೆ ಓಡಿಸಿದೆ. ಕಾಲು ಮೂಡಿತು, ಹೊಟ್ಟೆ ಮೂಡಿತು. ಅಮ್ಮ ನನಗೆ ಜಾಗ ಮಾಡಿಕೊಟ್ಟು ಮಂಚದ ಮೇಲೆ ಸ್ವಲ್ಪ ಎಡಕ್ಕೆ ಸರಿದಳು. ಕಲಿಸಿಕೊಂಡವಳು ಅವಳು, ಕಲಿಸಿಕೊಳ್ಳದವಳು ನಾನು. ಇಬ್ಬರೂ ಒಂದೇ ಕಡೆ ಕೂತು, ಯಾವ ಸಾಲಿನಲ್ಲಿ ಹೂಂ ಅನ್ನಬೇಕು, ಯಾವ ಸಾಲಿನಲ್ಲಿ ತಡೆಯಬೇಕು ಎಂದು ತಿಳಿಯದೆ, ಅದು ಏರುವುದನ್ನು ನೋಡುತ್ತಿದ್ದೆವು.